ಮೊದಲ ಪುಟದ ಹನ್ನೆರಡು ಹೆಸರು

ಕೂಲಿ ಮಾಡೋದರ ಬಗ್ಗೆ ಓದೋಕೂ ಒಂದು ಎಂ.ಎ. ಇದೆ ಅಂತ ನಂಗೆ ಗೊತ್ತಾಗಿದ್ದು ನನ್ನ ಮಗಳು ಮೌನಿಕಾ ಯೂನಿವರ್ಸಿಟಿಗೆ ಸೇರಿದ ಮೇಲೆ. ಅವಳ ಎರಡನೇ ವರ್ಷದ ಸಂಕ್ರಾಂತಿ ಕಳೆದ ಹೊಸದು, ಇಬ್ರೂ ಕೂತು ಅವರೆಕಾಳು ಹಿತುಕ್ತಾ ಇದ್ವಿ.

"ಅದೇನೇ ಅದು, ಕೂಲಿ ಮಾಡೋರು ನಾವು, ಅದನ್ನ ಓದೋರು ನೀವಾ?" ಅಂದೆ.

"ಕಾರ್ಮಿಕ ಅರ್ಥಶಾಸ್ತ್ರ, ಔದ್ಯೋಗಿಕ ಸಂಬಂಧ ಅಂತಾರಮ್ಮ ಅದನ್ನ. ಮಾಲೀಕರಿಗೂ ಕೆಲಸದೋರಿಗೂ ನಡುವೆ ಇರೋ ಸಂಬಂಧ."

"ಅದೆಂಥ ಸಂಬಂಧ? ಹೆಣ್ಣು ಕೊಟ್ಟು ತರ್ತಾರಾ?"

ಒಲೆ ಮುಂದೆ ಮುದ್ದೆ ತೊಳಸ್ತಿದ್ದ ನನ್ನ ಸೊಸೆ ಸುನಂದ ನಕ್ಕುಬಿಟ್ಲು. "ಹೂಂ ಅತ್ತೆ, ವರ್ಷಕ್ಕೊಂದು ಸಲ ನಮ್ಮನ್ನ ತವರಿಗೆ ಕಳಿಸ್ತಾರಲ್ಲ. ಸಂಬಂಧಾನೇ."

ಅವಳು ಹೇಳಿದ್ದು ಬ್ರೇಕಿನ ವಿಷಯ. ಸುನಂದ ಮಾಲೂರಿನ ಕಡೆ ಒಂದು ಕಾರ್ಖಾನೇಲಿ ಕಾರಿನ ವೈರು ಕಟ್ಟೋ ಕೆಲಸಕ್ಕೆ ಹೋಗ್ತಾ ಆರು ವರ್ಷ ಆಗಿತ್ತು. ಹನ್ನೊಂದು ತಿಂಗಳಾದ ತಕ್ಷಣ ಹದಿನೈದು ದಿನ ಮನೆಗೆ ಕಳಿಸ್ತಾರೆ. ಆಮೇಲೆ ಬೇರೆ ಕಂಟ್ರಾಕ್ಟರ್ ಹೆಸರಲ್ಲಿ ಕೊರಳಿಗೆ ಹಾಕೋ ಹೊಸ ಟ್ಯಾಗು ಕೊಟ್ಟು ಅದೇ ಟೇಬಲ್ಲಿಗೆ, ಅದೇ ಸ್ಟೂಲಿಗೆ ಕೂರಿಸ್ತಾರೆ. ಕಾಗದದಲ್ಲಿ ಅವಳು ಯಾವಾಗ್ಲೂ ಹೊಸಬಳು. ಹಳದಿ, ಹಸಿರು, ಕೇಸರಿ, ಕಂಟ್ರಾಕ್ಟರಿಗೊಂದು ಬಣ್ಣದ ಟ್ಯಾಗು. ಕಂಪನಿ ರೋಲಿನ ಖಾಯಂ ಜನಕ್ಕೆ ಮಾತ್ರ ನೀಲಿ. ನೀಲಿ ಟ್ಯಾಗಿದ್ರೆ ಬ್ರೇಕಿಲ್ಲ, ಮೈ ಹುಷಾರಿಲ್ದಿದ್ರೆ ಸಂಬಳದ ರಜಾ, ಪಿಎಫ್ ಒಂದೇ ಕಡೆ ಬೆಳೆಯುತ್ತೆ. "ಈ ಸಲ ಬ್ರೇಕ್ ಮುಗಿಸ್ಕೊಂಡು ಬಾ, ರೋಲಿಗೆ ನಿನ್ನ ಹೆಸರು ಕಳಿಸಿದೀನಿ" ಅಂತ ಸೂಪರ್‌ವೈಸರ್ ಹೇಳಿದ್ನಂತೆ. ಆಗಿಂದ ಸುನಂದ ಬಾಯಲ್ಲಿ ನೀಲಿ ಟ್ಯಾಗಿನ ಜಪ.

ನಮ್ಮದು ವಕ್ಕಲೇರಿ ಹತ್ರ ಒಂದು ಹಳ್ಳಿ. ನಮ್ಮನೆಯವರು ಚನ್ನರಾಯಪ್ಪನವರಿಗೆ ಎರಡು ಸೀಮೆಹಸು, ಒಂದಿಷ್ಟು ಹಿಪ್ಪುನೇರಳೆ ತೋಟ. ಮಗ ಉಮೇಶ ಟೊಮ್ಯಾಟೊ ಟೆಂಪೊ ಓಡಿಸ್ತಾನೆ. ಬೆಲೆ ಇದ್ದಾಗ ಟೆಂಪೊ ಕೋಲಾರದ ಮಾರ್ಕೆಟ್ಟಿಗೆ ಓಡುತ್ತೆ, ಇಲ್ದಾಗ ಮನೆ ಮುಂದೆ ನಿಂತು ಕೋಳಿ ಮಲಗೋಕೆ ಆಗುತ್ತೆ. ತಿಂಗಳು ತಪ್ಪದೆ ಬರೋದು ಅಂದ್ರೆ ಸುನಂದ ಸಂಬಳ ಒಂದೇ. ಮೌನಿಕಾ ಫೀಸು, ಬಸ್ ಪಾಸು, ಕೈಲಿರೋ ಫೋನು ಎಲ್ಲ ಅದರದ್ದೇ. ಇದನ್ನ ನಾನು ಯಾವತ್ತೂ ಬಾಯಿಬಿಟ್ಟು ಹೇಳಿದೋಳಲ್ಲ. ಎಲ್ಲಿ ಸೊಸೆ ತಲೆ ಮೇಲೆ ಹತ್ತಿ ಕೂತ್ಕೊಳ್ತಾಳೋ ಅಂತ ನನ್ನ ಹಾಳು ಬುದ್ಧಿ.

ಕೊನೇ ವರ್ಷಕ್ಕೆ ಮೌನಿಕಾ ಒಂದು ಪುಸ್ತಕ ಬರೀಬೇಕಿತ್ತು. ಪ್ರಬಂಧ ಅಂತಾರೆ. ಕಂಟ್ರಾಕ್ಟ್ ಹೆಂಗಸರ ಬಗ್ಗೆ ಬರೀತೀನಿ ಅಂತ ಅತ್ತಿಗೆ ಕಾರ್ಖಾನೆಗೇ ಅರ್ಜಿ ಹಾಕಿದ್ಲು. ಬರೆದು ಮುಗಿದ ಮೇಲೆ ನಮಗೂ ಒಂದು ಪ್ರತಿ ಕೊಡಬೇಕು ಅಂತ ಷರತ್ತು ಹಾಕಿ ಕಂಪನಿಯೋರು ಪರ್ಮಿಷನ್ ಕೊಟ್ರು. ಬೆಳಗ್ಗೆ ಆರಕ್ಕೆ ಸುನಂದ ಹೋಗೋ ವ್ಯಾನಲ್ಲೇ ಇವಳೂ ಹತ್ತಿ ಹೋಗ್ತಿದ್ಲು. ಸುನಂದ ಸೇರಿ ಹನ್ನೆರಡು ಜನ ಹೆಂಗಸರು ಆ ವ್ಯಾನಲ್ಲಿ.

ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. "ಎಲ್ಲ ಚೆನ್ನಾಗಿದೆ ಮೇಡಂ" ಅಂತಿದ್ರಂತೆ, ಇವಳನ್ನ ಲಂಗ ಹಾಕ್ಕೊಂಡು ಓಡಾಡೋ ಕಾಲದಿಂದ ನೋಡಿರೋ ಗಂಗರತ್ನಮ್ಮನೂ ಸೇರಿ. ಸುನಂದಾನೇ ಎಲ್ಲರನ್ನೂ ಒಪ್ಪಿಸಿದ್ಲು. "ಹೇಳ್ರೇ, ನಮ್ಮ ಮೌನಿ ಕಣ್ರೇ. ಹೆಸರು ಎಲ್ಲೂ ಬರಲ್ಲ, ನಂಬರ್ ಹಾಕ್ತಾಳೆ ಅಷ್ಟೇ."

ಆಮೇಲೆ ಹೇಳಿದ್ರು ನೋಡಿ. ಶಿಫ್ಟಿಗೆ ಎರಡೇ ಸಲ ಬಾತ್‌ರೂಮಿನ ಟೋಕನ್ನು. ಟಾರ್ಗೆಟ್ ಮುಗೀದಿದ್ರೆ ಒಂದು ಗಂಟೆ ಹೆಚ್ಚಿಗೆ ಕೂರಿಸಿ ಅದನ್ನ ಎಲ್ಲೂ ಬರ್ಕೊಳ್ಳಲ್ಲ. ಸುನಂದ ಬಿಸ್ಕತ್ತಿನ ಡಬ್ಬಿಯಿಂದ ತನ್ನ ಆರು ವರ್ಷದ ಆರು ಬಣ್ಣದ ಟ್ಯಾಗು ತೆಗೆದು ಚಾಪೆ ಮೇಲೆ ಜೋಡಿಸಿದ್ಲು. ಮೌನಿಕಾ ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಿ ಫೋಟೋ ತಗೊಂಡ್ಲು.

"ಇದು ಬಂಗಾರ ಅತ್ತಿಗೆ. ನಮ್ಮ ಮೇಷ್ಟ್ರು ನೋಡಿದ್ರೆ ಕುಣಿದುಬಿಡ್ತಾರೆ."

"ಕುಣೀಲಿ. ನಂಗೆ ಡಬ್ಬಿ ವಾಪಸ್ ಕೊಡು," ಅಂದ್ಲು ಸುನಂದ.

ಜೂನಲ್ಲಿ ಪುಸ್ತಕ ಮುಗೀತು. ಮೇಷ್ಟ್ರು ಎಲ್ಲ ಪುಟ ನೋಡಿ ಸೈನ್ ಹಾಕಿದ್ರು. ಬೈಂಡಿಂಗಿಗೆ ಕೊಡೋ ಹಿಂದಿನ ದಿನ ಮೌನಿಕಾ ಜಗಲಿ ಮೇಲೆ ಕೂತು ಒಂದು ಪುಟ ಬರೀತಿದ್ಲು. ಶ್ರೀನಿವಾಸಪುರದಿಂದ ಸುನಂದ ತವರಿನೋರು ಮಾವಿನಹಣ್ಣು ಕಳಿಸಿದ್ರು, ಹೆಚ್ಚಿ ತಂದಿಟ್ಟೆ.

"ಅದೇನೇ?"

"ಥ್ಯಾಂಕ್ಸ್ ಪುಟ. ಪುಸ್ತಕದ ಮೊದಲಲ್ಲಿ ಬರುತ್ತೆ. ಮೇಷ್ಟ್ರಿಗೆ, ಲೈಬ್ರರಿಯೋರಿಗೆ, ನಿಂಗೆ, ಅಪ್ಪಂಗೆ, ಅಣ್ಣಂಗೆ."

"ಓದು."

ಓದಿದ್ಲು. ಜೆರಾಕ್ಸ್ ಅಂಗಡಿಯೋನ ಹೆಸರೂ ಇತ್ತು. ಸುನಂದ ಹೆಸರಿಲ್ಲ.

ನಂಗೆ ರೇಗಿ ಹೋಯ್ತು. "ಜೆರಾಕ್ಸಿನೋನು ಬೇಕು, ಅತ್ತಿಗೆ ಬೇಡ್ವಾ? ಆ ಹೆಂಗಸರು ದಿನಾ ನಿನ್ನ ತೊಡೆ ಮೇಲೆ ಕೂರಿಸ್ಕೊಂಡು ಕರ್ಕೊಂಡು ಹೋದ್ರಲ್ಲೇ!"

"ಹೆಸರು ಹಾಕಬಾರದು ಅಂತ ಮೇಷ್ಟ್ರು ಹೇಳಿದಾರಮ್ಮ."

"ಅದು ಒಳಗಡೆ. ಅಲ್ಲಿ ನಂಬರ್ ಹಾಕಿದೀಯಲ್ಲ, ಸರಿ. ಇದು ಥ್ಯಾಂಕ್ಸು. ಥ್ಯಾಂಕ್ಸನ್ನ ನಂಬರಿಗೆ ಹೇಳ್ತಾರಾ? ಉಮೇಶನ ಮದುವೇಲಿ ಏನಾಯ್ತು ಮರ್ತೋಯ್ತಾ?"

ಉಮೇಶನ ಲಗ್ನಪತ್ರಿಕೇಲಿ ಬೈರಕೂರಿನ ನಮ್ಮಣ್ಣ ಮುನಿಕೃಷ್ಣಪ್ಪನ ಹೆಸರು ಬಿಟ್ಟೋಗಿತ್ತು. ಪ್ರೆಸ್ಸಿನೋನ ತಪ್ಪು. ನಮ್ಮಣ್ಣ ಮದುವೆಗೂ ಬರಲಿಲ್ಲ, ಈ ಎಂಟು ವರ್ಷದಲ್ಲಿ ನಮ್ಮನೆ ನೀರೂ ಮುಟ್ಟಿಲ್ಲ. ಒಡಹುಟ್ಟಿದೋನು. ಅದರ ಸಂಕಟ ನಂಗೊಬ್ಳಿಗೆ ಗೊತ್ತು.

ಸುನಂದ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸ್ಕೊಂತಿದ್ಲು. "ಅಚ್ಚಾಗಿ ಬರುತ್ತಾ ಮೌನಿ, ಹೆಸರು? ನಮ್ಮ ಹೆಸರು ಅಚ್ಚಾಗಿರೋದು ಮದುವೆ ಕಾರ್ಡಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ" ಅಂದ್ಲು. ಕೇಳೋಕೆ ನಾಚ್ಕೊಂಡು ಕೇಳಿದ್ಲು.

ಮೌನಿಕಾ ಮತ್ತೆ ಪೆನ್ನು ತಗೊಂಡ್ಲು. "ಥ್ಯಾಂಕ್ಸ್ ಪುಟ ಯಾರೂ ಓದಲ್ಲ ಬಿಡು. ಹೇಳು ಅಮ್ಮ, ಯಾರ್ಯಾರು?"

ನಾನು ಹೇಳಿದೆ, ಅವಳು ಬರೆದ್ಲು. ಲಗ್ನಪತ್ರಿಕೆ ಲೆಕ್ಕದಲ್ಲೇ ಹೇಳಿದೆ. ದೊಡ್ಡೋರು ಮೊದಲು: ಗಂಗರತ್ನಮ್ಮ, ಶ್ಯಾಮಲಮ್ಮ. ಆಮೇಲೆ ಕೇರಿ ಪ್ರಕಾರ ಉಳಿದೋರು. ಮನೆಯೋರ ಹೆಸರು ಕೊನೇಲಿ, ಅದೇ ಮರ್ಯಾದೆ. ಹನ್ನೆರಡನೇದು ಸುನಂದ.

ನಾಲ್ಕು ಪ್ರತಿ ಮಾಡಿಸಿದ್ಲು. ಕಪ್ಪು ರೆಕ್ಸಿನ್ನು, ಬಂಗಾರದ ಅಕ್ಷರ. ಯೂನಿವರ್ಸಿಟಿಗೊಂದು, ಮೇಷ್ಟ್ರಿಗೊಂದು, ಕಂಪನಿಗೊಂದು, ಮನೆಗೊಂದು. ಮನೆ ಪ್ರತಿಗೆ ಸುನಂದ ಕುಂಕುಮ ಇಟ್ಲು. ಅಚ್ಚಾದ ಹೆಸರಿನ ಮೇಲೆ ಬೆರಳಾಡಿಸಿ, "ಹನ್ನೆರಡು ಜನಾನೂ ಇದೀವಿ" ಅಂದ್ಲು. ಮಾರನೇ ದಿನ ವ್ಯಾನಲ್ಲೂ ಎಲ್ಲರಿಗೂ ಹೇಳಿದ್ಲಂತೆ.

ಜುಲೈ ಮೊದಲ ವಾರ ಅವರಿಗೆಲ್ಲ ಬ್ರೇಕ್ ಬಂತು. ಹದಿನೈದು ದಿನ ಸುನಂದ ಮನೆಗೆ ಸುಣ್ಣ ಹೊಡೆದ್ಲು, ದನದ ಕೊಟ್ಟಿಗೆ ಸಾರಿಸಿದ್ಲು, ಏಳು ವರ್ಷದ ಮಗಳು ತ್ರಿವೇಣಿಗೆ ದಿನಾ ಎರಡು ಜಡೆ ಹಾಕಿದ್ಲು. ಬಾಗಿಲ ಪಕ್ಕದ ಮೊಳೇಲಿ ಅವಳ ಟ್ಯಾಗು ನೇತಾಡ್ತಿದ್ದ ಜಾಗ ಖಾಲಿ ಇತ್ತು. ಅದನ್ನೂ ಒರೆಸಿದ್ಲು. "ಈ ಸಲ ನೀಲಿ ಅತ್ತೆ" ಅಂತಿದ್ಲು. ನಾನೂ ಆಂಜನೇಯಸ್ವಾಮಿಗೆ ಒಂದು ಕಾಯಿ ಹರಸ್ಕೊಂಡಿದ್ದೆ.

ಹದಿನಾರನೇ ದಿನ ವ್ಯಾನು ಬರಲಿಲ್ಲ. ಸೂಪರ್‌ವೈಸರ್ ಫೋನ್ ಎತ್ತಲಿಲ್ಲ. ಬೇರೆ ಹಳ್ಳಿ ಹೆಂಗಸರನ್ನೆಲ್ಲ ಕರೆದವ್ರೆ ಅಂತ ಸುದ್ದಿ ಬಂತು. ಮೂರು ದಿನ ನೋಡಿ, ಹನ್ನೆರಡು ಜನಾನೂ ಬಸ್ ಹತ್ತಿ ಮಾಲೂರಿಗೆ ಹೋದ್ರು. ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್. ಸುನಂದ ಚಪ್ಪಲಿ ಬಿಡದೆ ಜಗಲಿ ಮೇಲೆ ಕೂತ್ಲು. ಹಿಂದೇನೇ ಗಂಗರತ್ನಮ್ಮ.

ಗಂಗರತ್ನಮ್ಮ ಗಂಡ ಸತ್ತೋಳು. ಮುಳಬಾಗಿಲು ಕಡೆಯಿಂದ ಬಂದೋಳು, ಸಿಟ್ಟು ಬಂದ್ರೆ ತೆಲುಗೇ. "ಏಮಮ್ಮಾ ರತ್ನಮ್ಮಾ, ಎಲ್ಲಿ ನಿನ್ನ ಕೂತುರು? ಬಾ ಅನ್ನು ಈಚೆಗೆ."

ಮೌನಿಕಾ ಬಂದ್ಲು.

"ಗೇಟಲ್ಲಿ ಸೆಕ್ಯೂರಿಟಿಯೋನು ಒಂದು ಚೀಟಿ ಇಟ್ಕೊಂಡು ಕೂತವ್ನೆ. ಇದರಾಗಿರೋರನ್ನ ಒಳಗೆ ಬಿಡಬಾರದಂತೆ. ಅವನು ನೀರು ಕುಡಿಯೋಕೆ ಹೋದಾಗ ಫೋಟೋ ಹೊಡ್ಕೊಂಡು ಬಂದಿದೀನಿ. ಇಂಗ್ಲಿಷು. ಓದಮ್ಮ ನೀನು, ಓದಿರೋಳಲ್ವಾ."

ಮೌನಿಕಾ ಫೋನ್ ತಗೊಂಡು ಓದಿದ್ಲು. "ಗಂಗರತ್ನಮ್ಮ. ಶ್ಯಾಮಲಮ್ಮ. ಪಾರ್ವತಿ. ಮುನಿಲಕ್ಷ್ಮಿ..." ಅಲ್ಲಿಗೆ ನಿಲ್ಲಿಸಿಬಿಟ್ಲು.

ಮುಂದಿಂದು ನಂಗೆ ಬಾಯಿಪಾಠ. ಕೇರಿ ಪ್ರಕಾರ ನಾನೇ ಹೇಳಿ ಬರೆಸಿದ ಸಾಲು ಅದು. ಒಂದು ಹೆಸರು ಹಿಂದೆ ಮುಂದೆ ಆಗಿರಲಿಲ್ಲ. ಕೊನೇದು ಯಾರದು ಅಂತ ಕೇಳೋ ಹಂಗೇ ಇರಲಿಲ್ಲ.

"ಪುಸ್ತಕದಾಗೆ ನಂಬರ್ ಹಾಕ್ತೀನಿ ಅಂದ್ಯಲ್ಲೇ," ಅಂದ್ಲು ಗಂಗರತ್ನಮ್ಮ. "ಹಾಕ್ದೆ. ಒಂದರಿಂದ ಹನ್ನೆರಡು. ಚೆನ್ನಾಗಿ ಹಾಕ್ದೆ."

ನಾನು ಹೇಳಬೇಕಿತ್ತು ಆಗಲೇ. ಅಮ್ಮ ತಾಯಿ, ಹಾಕಿಸಿದ್ದು ನಾನು ಅಂತ ಅನ್ನಬೇಕಿತ್ತು. ಅವಳು ಹೋದ ಮೇಲೆ ಯಾರೂ ಉಣ್ಣಲಿಲ್ಲ, ಬಸ್ಸಾರು ಪಾತ್ರೇಲೇ ಹಳಸಿತು.

ಮಾರನೇ ದಿನ ಮೌನಿಕಾ ಮೇಷ್ಟ್ರ ಹತ್ರ ಓಡಿದ್ಲು. ಅವರು ಥ್ಯಾಂಕ್ಸ್ ಪುಟ ನೋಡಿ ತಲೆ ಮೇಲೆ ಕೈ ಇಟ್ಕೊಂಡ್ರಂತೆ. ಆದ್ರೂ ಒಂದು ದಾರಿ ಹೇಳಿದ್ರು. ಆ ಆರು ಟ್ಯಾಗೇ ಸಾಕ್ಷಿ, ಹನ್ನೆರಡು ಜನಾನೂ ಸೈನ್ ಹಾಕಿದ್ರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ವರ್ಷಗಟ್ಟಲೆ ಆಗುತ್ತೆ, ಆದ್ರೂ ಕೊಡಬಹುದು. ಮೌನಿಕಾ ಅರ್ಜಿ ಬರ್ಕೊಂಡು ಮನೆ ಮನೆ ತಿರುಗಿದ್ಲು. ಸುನಂದಾನೂ ಜೊತೇಲಿ ಹೋದ್ಲು. ಸಾಯಂಕಾಲ ಇಬ್ರೂ ಬಂದ್ರು, ಕಾಗದದಲ್ಲಿ ಒಂದೇ ಸೈನು, ಸುನಂದಂದು.

"ಶ್ಯಾಮಲಮ್ಮ ಬಾಗಿಲೇ ತೆಗೀಲಿಲ್ಲ," ಅಂದ್ಲು ಮೌನಿಕಾ. "ಒಂದು ಸಲ ನಿಮ್ಮ ಕಾಗದಕ್ಕೆ ಹೆಸರು ಕೊಟ್ಟಿದ್ದು ಸಾಕು ಅಂತ ಒಳಗಿಂದಾನೇ ಹೇಳಿದ್ರು. ಬೇರೆ ಕಾರ್ಖಾನೇಲಿ ಕೇಳ್ತಾ ಇದಾರಂತೆ, ಕೇಸು ಗೀಸು ಅಂದ್ರೆ ಅಲ್ಲೂ ಸೇರಿಸಲ್ವಂತೆ."

ಉಮೇಶ ಟೆಂಪೊ ಒರೆಸೋ ಬಟ್ಟೇನ ನೆಲಕ್ಕೆ ಎಸೆದ. "ಆರು ವರ್ಷ ಸ್ಟೂಲಿನ ಮೇಲೆ ಕೂತು ಅವಳ ಸೊಂಟ ಬಿದ್ದೋಯ್ತು. ಇನ್ನೊಂದು ಹದಿನೈದು ದಿನ ಬಾಯಿ ಮುಚ್ಕೊಂಡಿದ್ರೆ ನೀಲಿ ಟ್ಯಾಗು ಬರ್ತಿತ್ತು. ನಿಂಗೆ ಪುಸ್ತಕ ದೊಡ್ಡದಾಯ್ತಾ? ಅವಳ ಅನ್ನ ತಿಂದು ಓದ್ದೋಳು ಕಣೇ ನೀನು!"

"ಅಣ್ಣ, ನಂಗೆ ಗೊತ್ತಿರಲಿಲ್ಲ..."

"ನಿಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ಅದನ್ನೇ ಅಲ್ವೇನೇ ಎರಡು ವರ್ಷ ಓದಿದ್ದು?"

"ಅವಳನ್ನ ಬೈಬೇಡ ಕಣೋ," ಅಂದೆ ನಾನು. "ಹಾಕ್ಸಿದ್ದು ನಾನು."

ಉಮೇಶ ನನ್ನ ಕಡೆ ತಿರುಗಿ ನೋಡ್ದ. ಎಸೆದ ಬಟ್ಟೆ ಎತ್ಕೊಂಡು ಟೆಂಪೊ ಹತ್ರ ಹೋದ. ಅವನು ಬೈದಿದ್ರೆ ಹೊಟ್ಟೆ ತಣ್ಣಗಾಗ್ತಿತ್ತು.

ಆಗಸ್ಟ್ ಹೊತ್ತಿಗೆ ಸುನಂದ ಊರೋರ ಟೊಮ್ಯಾಟೊ ತೋಟಕ್ಕೆ ಕೂಲಿಗೆ ಹೋಗೋಕೆ ಶುರು ಮಾಡಿದ್ಲು. ಪಕ್ಕದ ಸಾಲಲ್ಲೇ ಗಂಗರತ್ನಮ್ಮ ಹಣ್ಣು ಕೀಳ್ತಿದ್ಲಂತೆ, ಮಾತಿಲ್ಲ. ಬಂದ ಕೂಲಿ ಅಕ್ಕಿಗೂ ಎಣ್ಣೆಗೂ ಆದ್ರೆ ತ್ರಿವೇಣಿ ಸ್ಕೂಲಿಗೆ ಆಗ್ತಿರಲಿಲ್ಲ. ಅವಳನ್ನ ಬಿಡಿಸಿ ಊರ ಶಾಲೆಗೆ ಹಾಕಿದ್ವಿ. ಹಳೇ ಸ್ಕೂಲಿನ ಟೈ ಬಿಚ್ಚಲ್ಲ ಅಂತ ಮಗು ಎರಡು ದಿನ ಅತ್ತಿತು.

ಅದೇ ತಿಂಗಳು ಮೌನಿಕಾ ವೈವಾ ಆಯ್ತು. ಹೊರಗಡೆಯಿಂದ ಬಂದಿದ್ದ ಪ್ರೊಫೆಸರ್ರು ಎದ್ದು ನಿಂತು ಕೈ ಕುಲುಕಿದ್ರಂತೆ. ಅವಳ ಪುಸ್ತಕಕ್ಕೇ ಎಲ್ಲರಿಗಿಂತ ಹೆಚ್ಚು ಮಾರ್ಕು. ಇದನ್ನ ಮನೇಲಿ ಅವಳು ಹೇಳಲಿಲ್ಲ. ಜೊತೆಗೆ ಓದೋ ಹುಡುಗಿ ಫೋನ್ ಮಾಡಿದಾಗ ಗೊತ್ತಾಯ್ತು. ಸುನಂದ ಸಕ್ಕರೆ ಡಬ್ಬಿ ತಂದು ಅವಳ ಬಾಯಿಗೆ ಒಂದು ಚಿಟಿಕೆ ಹಾಕಿದ್ಲು. ಮೌನಿಕಾ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ಲು. ನಮಗೆಲ್ಲ ಕೇಳಿಸ್ತು.

ಹತ್ತು ದಿನ ಆದ ಮೇಲೆ ಊಟಕ್ಕೆ ಕೂತಿದ್ವಿ. ಮೌನಿಕಾ ಮುದ್ದೆ ಮುರೀದೆ, "ಆ ಕಂಪನಿ ಎಚ್.ಆರ್. ಮ್ಯಾನೇಜರ್ ಫೋನ್ ಮಾಡಿದ್ರು" ಅಂದ್ಲು.

ನಂಗೆ ಒಂದು ಗಳಿಗೆ ಆಸೆ ಹುಟ್ಟಿತು, ಸುನಂದಂಗೇ ಕರೆದಿರಬೇಕು ಅಂತ.

"ಪುಸ್ತಕ ಪೂರ್ತಿ ಓದಿದಾರಂತೆ. ಆರು ವರ್ಷದಿಂದ ನಮ್ಮೋರಿಗೆ ಹೇಳದೇ ಇದ್ದಿದ್ದನ್ನ ಈ ಹೆಂಗಸರು ನಿನ್ನ ಹತ್ರ ಹೇಳಿದಾರೆ, ಇಂಥ ಹುಡುಗಿ ನಮಗೆ ಬೇಕು ಅಂದ್ರು. ಟ್ರೈನಿ ಕೆಲಸ. ಕಂಪನಿ ರೋಲು."

ಉಮೇಶ ತಟ್ಟೆ ಸರಿಸಿದ. "ಆ ಗೇಟೊಳಗೆ ಕಾಲಿಟ್ರೆ ಈ ಮನೆ ಹೊಸಲು ದಾಟಬೇಡ."

"ಬೇಡ ಅಂತಾನೇ ಹೇಳಿದೀನಿ ಅಣ್ಣ."

"ಯಾಕೆ ಹೇಳ್ದೆ?" ಅಂದ್ಲು ಸುನಂದ.

ನಾವೆಲ್ಲ ಅವಳ ಮುಖ ನೋಡಿದ್ವಿ.

"ಸುಮ್ನಿರು ನೀನು," ಅಂದ ಉಮೇಶ.

"ನಾನ್ಯಾಕೆ ಸುಮ್ನಿರಲಿ? ಇವಳನ್ನ ಓದಿಸಿದ್ದು ನಾನು. ಅತ್ತೆ ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ, ಪರವಾಗಿಲ್ಲ, ನಾನೇ ಹೇಳ್ತೀನಿ. ಓದ್ಸಿದ್ದು ಮನೇಲಿ ಕೂರಿಸೋಕಲ್ಲ. ನನ್ನ ಕೈಯಲ್ಲಿ ಇನ್ನು ಆಗಲ್ಲ ಕಣ್ರೀ, ಸೊಂಟ ಎತ್ತೋಕಾಗಲ್ಲ. ಬರೋ ತಿಂಗಳು ಟೆಂಪೊಗೆ ಡೀಸೆಲ್ಲು ಹಾಕೋರು ಯಾರು, ಹೇಳಿ?"

ನಮ್ಮನೆಯವರು ಯಾವ ಜಗಳಕ್ಕೂ ಬಾಯಿ ಹಾಕೋರಲ್ಲ. ಅವತ್ತು ಅಂದ್ರು, "ಒಳಗೆ ಹೋದ್ರೆ ಈ ಹನ್ನೆರಡು ಜನರ ಮಾತು ಎತ್ತಬಹುದಲ್ಲಮ್ಮ."

ಮೌನಿಕಾ ಆ ಮಾತನ್ನ ಗಟ್ಟಿಯಾಗಿ ಹಿಡ್ಕೊಂಡ್ಲು. ಮುಳುಗೋರು ಹಿಡ್ಕೊಂಡಂಗೆ. ಮಾರನೇ ದಿನ ಫೋನ್ ಮಾಡಿ, ಅವರನ್ನ ವಾಪಸ್ ತಗೋತೀರಾ ಅಂತ ಕೇಳಿದ್ಲು. "ನೋಡೋಣ, ಮೊದಲು ನೀವು ಬನ್ನಿ" ಅಂದ್ರಂತೆ.

ಕೆಲಸದ ಸುದ್ದಿ ಊರಲ್ಲಿ ಹಬ್ಬಿದ ದಿನಾನೇ ನಾನು ಗಂಗರತ್ನಮ್ಮನ ಮನೆಗೆ ಹೋದೆ. ಅವಳು ಅಂಗಳದಲ್ಲಿ ರಾಗಿ ಕೇರ್ತಾ ಇದ್ಲು. ಕೂರು ಅನ್ನಲಿಲ್ಲ. ನಿಂತೇ ಹೇಳಿದೆ. "ಅಕ್ಕ, ಮಗಳದ್ದು ತಪ್ಪಿಲ್ಲ. ಅವಳು ಬೇಡ ಬೇಡ ಅಂದ್ಲು. ಹೆಸರು ಹಾಕ್ಸಿದ್ದು ನಾನು. ನಿನ್ನ ಹೆಸರು ಮೊದಲು ಬರಲಿ ಅಂದಿದ್ದೂ ನಾನೇ. ಮರ್ಯಾದೆಗೆ ಅಂತ ಮಾಡ್ದೆ."

ಅವಳು ಮೊರ ಕೆಳಗಿಟ್ಲು. "ಎಷ್ಟು ಚೆನ್ನಾಗಿ ಹೇಳ್ತೀಯ ರತ್ನಮ್ಮ. ಹನ್ನೆರಡು ಜನರ ಹೆಸರು ಬರೆದುಕೊಟ್ಟು ಮಗಳು ಆಫೀಸರ್ ಆದ್ಲು. ಈಗ ತಾಯಿ ಬಂದು ನಾನು ಮಾಡ್ದೆ ಅಂತಾಳೆ. ಹೆತ್ತ ಕರುಳು, ಸುಳ್ಳು ಹೇಳಿಸುತ್ತೆ. ಹೋಗು ತಾಯಿ."

"ದೇವ್ರಾಣೆ ಅಕ್ಕ."

"ಹೋಗು."

ನನ್ನ ಜೀವಮಾನದಲ್ಲಿ ಯಾರ ಮುಂದೇನೂ ತಪ್ಪು ಒಪ್ಕೊಂಡೋಳಲ್ಲ ನಾನು. ಒಂದು ಸಲ ಒಪ್ಕೊಂಡೆ, ಅದನ್ನ ಯಾರೂ ನಂಬಲಿಲ್ಲ.

ಸೆಪ್ಟೆಂಬರ್ ಮೊದಲನೇ ತಾರೀಕು, ಬೆಳಗ್ಗೆ ಆರಕ್ಕೆ ವ್ಯಾನು ನಮ್ಮ ಕ್ರಾಸಿಗೆ ಬಂತು. ಒಳಗೆ ಎಲ್ಲ ಹೊಸ ಹುಡುಗೀರು, ನಂಗಲಿ ಕಡೆಯೋರಂತೆ. ಸುನಂದ ತನ್ನ ಹಳೇ ಸ್ಟೀಲ್ ಡಬ್ಬೀಲೇ ಚಿತ್ರಾನ್ನ ಹಾಕಿ, ತನ್ನ ಹಳೇ ಬಟ್ಟೆ ಚೀಲದಲ್ಲೇ ಇಟ್ಟು ಕೊಟ್ಲು. "ಡ್ರೈವರ್ ಹಿಂದಿನ ಸೀಟಲ್ಲಿ ಕೂತ್ಕೋ. ಅಲ್ಲಿ ಕುಲುಕಾಟ ಕಮ್ಮಿ" ಅಂದ್ಲು. ಅದು ಅವಳು ಆರು ವರ್ಷ ಕೂತಿದ್ದ ಸೀಟು. ಉಮೇಶ ಟೆಂಪೊ ಕೆಳಗೆ ಮಲಗಿ ಏನೋ ರಿಪೇರಿ ಮಾಡ್ತಿದ್ದ, ಈಚೆಗೆ ಬರಲಿಲ್ಲ.

ಸಾಯಂಕಾಲ ಮೌನಿಕಾ ಬಂದು ಚೀಲ ಇಟ್ಟು ಕಂಬಕ್ಕೆ ಒರಗಿ ಕೂತ್ಲು. ಕೊರಳಲ್ಲಿ ನೀಲಿ ಟ್ಯಾಗು.

"ಕೇಳಿದ್ಯಾ?" ಅಂದೆ.

"ಕೇಳ್ದೆ. ಆ ಪಟ್ಟಿ ಮುಗಿದ ವಿಷಯ, ಇನ್ನೊಂದು ಸಲ ಎತ್ತಬೇಡ ಅಂದ್ರು."

"ಮತ್ತೆ ನಿನ್ನ ಕೆಲಸ ಏನಂತೆ?"

ಅವಳು ನೆಲ ನೋಡ್ತಾ ಹೇಳಿದ್ಲು. "ಹನ್ನೊಂದು ತಿಂಗಳು ತುಂಬಿದೋರ ಪಟ್ಟಿ ಟೈಪ್ ಮಾಡೋದು. ಯಾರ್ಯಾರನ್ನ ಬ್ರೇಕಿಗೆ ಕಳಿಸಬೇಕು ಅಂತ. ಇವತ್ತು ನಲವತ್ತು ಹೆಸರು ಟೈಪ್ ಮಾಡ್ದೆ ಅಮ್ಮ."

ಸುನಂದ ಆಗಷ್ಟೇ ತೋಟದಿಂದ ಬಂದಿದ್ಲು, ಬೆರಳೆಲ್ಲ ಟೊಮ್ಯಾಟೊ ಗಿಡದ ಹಸಿರು ಕರೆ. ಸೀರೆ ಸೆರಗಿಗೆ ಕೈ ಒರೆಸ್ಕೊಂಡು ನಾದಿನಿ ಕೊರಳಿಂದ ಟ್ಯಾಗು ಮೆಲ್ಲಗೆ ತೆಗೆದ್ಲು. ಹಿಂದೆ ಮುಂದೆ ತಿರುಗಿಸಿ ನೋಡಿದ್ಲು. ಅಂಚಿಗೆ ಹತ್ತಿದ ಕರೇನ ಸೆರಗಲ್ಲಿ ಒರೆಸಿ, ಬಾಗಿಲ ಪಕ್ಕದ ಅದೇ ಮೊಳೆಗೆ ನೇತು ಹಾಕಿದ್ಲು.

"ನಮ್ಮನೆಗೂ ಬಂತಲ್ಲ ಅತ್ತೆ, ನೀಲಿ ಟ್ಯಾಗು," ಅಂದ್ಲು. ಆಮೇಲೆ ಮುದ್ದೆಗೆ ಎಸರಿಡೋಕೆ ಒಳಗೆ ಹೋದ್ಲು.